ಮೇಗರವಳ್ಳಿ ಕಡೆಯ ದಿನಸಿ ಅಂಗಡಿಗೆ ಟ್ಯಾಪ್ ಮೆಷಿನ್ ಬೇಕಾ, ಕ್ಯೂಆರ್ ಸಾಕಾ?

ಘಟ್ಟದ ದಿನಸಿ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ–ಆಗುಂಬೆ ರಸ್ತೆ ಬದಿಯ ದಿನಸಿ ಅಂಗಡಿ, ಪಕ್ಕದಲ್ಲೇ ಚಹಾ-ತಿಂಡಿ. ಈಗ ಕ್ಯೂಆರ್ ಇದೆ, ದುಡ್ಡು ಬಂದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇದೆ. ಕಾರ್ಡ್ ಮುಟ್ಟಿಸಿದರೆ ದುಡ್ಡು ಬರುವ ಮೆಷಿನ್ ತಗೊಳ್ಳಿ ಅಂತ ಬ್ಯಾಂಕಿನವರು ಹೇಳುತ್ತಿದ್ದಾರೆ. ಆಗುಂಬೆ ನೋಡಲು ಬರುವವರಲ್ಲಿ ಕೆಲವರು ಕಾರ್ಡ್ ಕೇಳುವುದೂ ಉಂಟು. ನಿಜವಾದ ಖರ್ಚು ಎಷ್ಟು? ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಯಾವುದು ನಡೆಯುತ್ತದೆ? ಪಿನ್ ಇಲ್ಲದೆ ದುಡ್ಡು ಹೋಗುವ ಕಾರ್ಡ್ ಇಟ್ಟುಕೊಳ್ಳುವುದು ಸರಿಯಾ? ತಿಳಿದವರು ವಿವರವಾಗಿ ಹೇಳಿ.

ಸ್ವೈಪ್ ಸರ್ವಿಸ್ ಸಾಗರ:

ಖರ್ಚಿನಿಂದ ಶುರು ಮಾಡೋಣ ಸರ್. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಶುಲ್ಕ ಇಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್‌ಗೆ ಇದೆ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಹೆಚ್ಚೆಂದರೆ 0.40%, ಮೀರಿದರೆ 0.90%. ಅಂದರೆ ₹5000ದ ಮಾರಾಟಕ್ಕೆ ₹20 ಅಥವಾ ₹45, ಅದರ ಮೇಲೆ 18% ಜಿಎಸ್‌ಟಿ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ, ಒಪ್ಪಂದದಲ್ಲಿ ಬರೆದಿದ್ದೇ ದರ. ಆ ಸಾಲನ್ನು ಓದದೆ ಸಹಿ ಹಾಕಬೇಡಿ. ಈ ಶುಲ್ಕವನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವ ಹಾಗೂ ಇಲ್ಲ.

ನಿಮ್ಮಂಥ ಅಂಗಡಿಗೆ ಹೊರೆಯಾಗುವುದು ಬಾಡಿಗೆ. ತಿಂಗಳಿಗೆ ₹400 ಅಂತಿಟ್ಟುಕೊಳ್ಳಿ. ದಿನಸಿಯಲ್ಲಿ 8% ಉಳಿದರೆ, ಆ ಬಾಡಿಗೆ ಹುಟ್ಟಬೇಕಾದರೆ ತಿಂಗಳಿಗೆ ₹5000 ಹೆಚ್ಚುವರಿ ವ್ಯಾಪಾರ ಆಗಬೇಕು. ಕ್ಯೂಆರ್‌ನಲ್ಲಿ ಕೊಡುತ್ತಿದ್ದವರೇ ಕಾರ್ಡಿಗೆ ಬಂದರೆ ಅದು ಲೆಕ್ಕಕ್ಕಿಲ್ಲ, ಕಾರ್ಡ್ ಇಲ್ಲದಿದ್ದರೆ ವಾಪಸ್ ಹೋಗುತ್ತಿದ್ದ ಗಿರಾಕಿಯೇ ಆಗಬೇಕು. ತಿಂಗಳಿಗೆ ಇಂತಿಷ್ಟು ವಹಿವಾಟು ಆಗಲೇಬೇಕೆಂಬ ಷರತ್ತು ಇದೆಯಾ, ಮೆಷಿನ್ ವಾಪಸ್ ಕೊಟ್ಟರೆ ದಂಡ ಎಷ್ಟು ಅಂತಲೂ ಕೇಳಿ. ಬಾಯಿಮಾತು ಬೇಡ, ಬರೆಸಿಕೊಳ್ಳಿ.

ಟ್ಯಾಪ್ ಆಗಲಿಲ್ಲ ಅಂದರೆ ಕಾರಣ ಹೆಚ್ಚಾಗಿ ಸಣ್ಣದು. ಎನ್‌ಎಫ್‌ಸಿ (ಕಾರ್ಡೂ ಮೆಷಿನ್ನೂ ತಂತಿಯಿಲ್ಲದೆ ಮಾತಾಡುವ ತಂತ್ರ) ಕೆಲಸ ಮಾಡುವುದು ಸುಮಾರು 4 ಸೆಂಟಿಮೀಟರ್ ಒಳಗೆ ಮಾತ್ರ. ಪರ್ಸ್ ಸಮೇತ ಒತ್ತಿದರೆ ಒಳಗಿನ ಎರಡು ಕಾರ್ಡ್ ಒಟ್ಟಿಗೆ ಉತ್ತರಿಸಿ ಮೆಷಿನ್ ಗೊಂದಲಕ್ಕೆ ಬೀಳುತ್ತದೆ. ಒಂದೇ ಕಾರ್ಡ್ ಹೊರಗೆ ತೆಗೆದು, ಮೆಷಿನ್ ಮೇಲೆ ನಾಲ್ಕು ಬಾಗಿದ ಗೆರೆಗಳ ಗುರುತಿರುವ ಕಡೆ ಬೀಪ್ ಬರುವ ತನಕ ಹಿಡಿಯಲಿ. ಹೊಸ ಕಾರ್ಡ್ ಆದರೆ ಬ್ಯಾಂಕ್ ಆ್ಯಪ್‌ನಲ್ಲಿ ಟ್ಯಾಪ್ ಸೌಲಭ್ಯ ಆನ್ ಆಗಿರಬೇಕು. ಆರ್‌ಬಿಐ ನಿಯಮದಂತೆ ಅದು ಮೊದಲಿಗೆ ಆಫ್ ಆಗಿಯೇ ಬರುತ್ತದೆ.

ಇನ್ನೊಂದು, ಬಿಲ್ ಖಾಲಿ ಬಂದರೆ ಮೆಷಿನ್ ಕೆಟ್ಟಿದೆ ಅಂದುಕೊಳ್ಳಬೇಡಿ. ರೋಲ್ ತಿರುಗಾಮುರುಗಾ ಕೂತಿರುತ್ತದೆ. ಉಗುರಿನಲ್ಲಿ ಗೀರಿ ನೋಡಿ, ಕಪ್ಪು ಗೆರೆ ಬೀಳುವ ಮೈಯೇ ಪ್ರಿಂಟ್ ಆಗುವ ಮೈ. ಮಳೆಗಾಲದಲ್ಲಿ ರೋಲ್‌ಗಳನ್ನು ಮುಚ್ಚಳ ಇರುವ ಡಬ್ಬಿಯಲ್ಲಿಡಿ. ಚಾರ್ಜಿಂಗ್ ಪಿನ್ನಿಗೂ ನಮ್ಮ ಕಡೆಯ ಶೀತ ಬಿಡುವುದಿಲ್ಲ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಚಹಾ ಕಾಸುವ ಒಲೆಯ ಹತ್ತಿರ ಮೆಷಿನ್ ಇಡಲೇಬೇಡಿ.

ಹೊಸನಗರ ನೆಟ್:

ಎರಡನೇ ಪ್ರಶ್ನೆಗೆ ಬರುತ್ತೇನೆ, ಮಲೆನಾಡಿನಲ್ಲಿ ಅದೇ ದೊಡ್ಡದು. ಮೆಷಿನ್ ಬ್ಯಾಂಕಿನ ಜೊತೆ ಮಾತಾಡದೆ ದುಡ್ಡು ಬರುವುದಿಲ್ಲ. ಕ್ಯೂಆರ್‌ನಲ್ಲಾದರೆ ನೆಟ್ ಬೇಕಾಗುವುದು ಗಿರಾಕಿಯ ಫೋನಿಗೆ, ಸೌಂಡ್‌ಬಾಕ್ಸಿಗೆ ಕೂಗಲಿಕ್ಕೆ ಮಾತ್ರ ಬೇಕು. ಟ್ಯಾಪ್‌ನಲ್ಲಿ ಗಿರಾಕಿಯ ಕಾರ್ಡಿಗೆ ಏನೂ ಬೇಡ, ಪೂರ್ತಿ ಭಾರ ನಿಮ್ಮ ಮೆಷಿನ್ನಿನ ಸಿಗ್ನಲ್ ಮೇಲೆ. ಇದರಲ್ಲಿ ಒಂದು ಲಾಭವೂ ಇದೆ. ಪ್ರವಾಸಿಯ ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲದಿರುವಾಗ ನಿಮ್ಮ ಅಂಗಡಿಯ ಫೈಬರ್ ಲೈನ್ ಜೀವಂತ ಇದ್ದರೆ ಟ್ಯಾಪ್ ನಡೆಯುತ್ತದೆ. ಆದ್ದರಿಂದ ಮೆಷಿನ್ ತೆಗೆದುಕೊಳ್ಳುವುದಾದರೆ ಸಿಮ್ ಜೊತೆಗೆ ವೈಫೈ ಕೂಡ ಇರುವಂಥದ್ದೇ ಕೇಳಿ.

ರೂಟರಿಗೆ ಇನ್ವರ್ಟರ್ ಬೇಕಾಗಿಲ್ಲ. ಅದರ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ (ಕರೆಂಟು ಹೋದಾಗ ರೂಟರ್ ನಡೆಸುವ ಬ್ಯಾಟರಿ ಡಬ್ಬಿ) ಸಾಕು, ಎರಡು ಮೂರು ಗಂಟೆ ಎಳೆಯುತ್ತದೆ. ವೋಲ್ಟ್ ನೋಡದೆ ಸಿಕ್ಕಿದ್ದು ಚುಚ್ಚಿದರೆ ರೂಟರ್ ಸುಡುತ್ತದೆ. ಸಿಮ್ ವಿಚಾರದಲ್ಲಿ, ಮೆಷಿನ್ನಿಗೂ ಸೌಂಡ್‌ಬಾಕ್ಸಿಗೂ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಕರೆಂಟು ಹೋಗಿ ಒಂದು ಟವರಿನ ಬ್ಯಾಟರಿ ಖಾಲಿಯಾದರೂ ಇನ್ನೊಂದು ಉಳಿದಿರಬಹುದು.

ಯುಪಿಐ ಲೈಟ್ ಇದ್ದರೆ ನೆಟ್ ಬೇಡ ಅಂತ ಹಲವರು ನಂಬಿದ್ದಾರೆ, ಅದು ತಪ್ಪು. ಅದರಲ್ಲಿ ಪಿನ್ ಬೇಡ ಅಷ್ಟೇ (ಒಂದು ಸಲಕ್ಕೆ ₹1000, ಒಟ್ಟು ಇಟ್ಟುಕೊಳ್ಳಬಹುದಾದ್ದು ₹5000), ಫೋನಿಗೆ ನೆಟ್ ಬೇಕೇ ಬೇಕು. ನೆಟ್ ಇಲ್ಲದೆ ಎನ್‌ಎಫ್‌ಸಿಯಲ್ಲೇ ನಡೆಯುವುದು ಯುಪಿಐ ಲೈಟ್ ಎಕ್ಸ್, 2023ರಲ್ಲಿ ಬಂತು. ಆದರೆ ಎರಡೂ ಕಡೆಯ ಫೋನ್ ಅದಕ್ಕೆ ಒಗ್ಗಬೇಕು, ಹಾಗಾಗಿ ಅದನ್ನು ನಂಬಿ ಅಂಗಡಿ ನಡೆಸಲಾಗದು. ಕರೆ ಮಾತ್ರ ಹೋಗುತ್ತಿದ್ದು ಡೇಟಾ ಇಲ್ಲದಿದ್ದರೆ ಗಿರಾಕಿ *99# ಒತ್ತಿ ನಿಮ್ಮ ಯುಪಿಐ ವಿಳಾಸಕ್ಕೆ ಕಳಿಸಬಹುದು. ನಿಧಾನ, ಆದರೆ ನಡೆಯುತ್ತದೆ. ಆಷಾಢದಲ್ಲಿ ಗಲ್ಲಾದಲ್ಲಿ ಚಿಲ್ಲರೆ ಮಾತ್ರ ಖಾಲಿ ಆಗಲಿಕ್ಕೆ ಬಿಡಬೇಡಿ.

ಲೆಕ್ಕಪತ್ರ:

ಮೂರನೆಯದು, ಕಾರ್ಡಿನ ಭದ್ರತೆ. ₹5000ರವರೆಗೆ ಪಿನ್ ಇಲ್ಲದೆ ಹೋಗುತ್ತದೆ, 2021ರ ಜನವರಿಗೆ ಮೊದಲು ಇದು ₹2000 ಇತ್ತು. ಜೇಬಿನ ಹತ್ತಿರ ಮೆಷಿನ್ ಹಿಡಿದು ಕದಿಯುತ್ತಾರೆ ಅನ್ನುವ ಭಯ ದೊಡ್ಡದು, ಅಪಾಯ ಅಷ್ಟಿಲ್ಲ. ಪ್ರತಿ ಟ್ಯಾಪಿಗೂ ಕಾರ್ಡಿನ ಚಿಪ್ ಒಂದು ಹೊಸ ಸಂಕೇತ ಹುಟ್ಟಿಸುತ್ತದೆ, ಅದನ್ನು ಹಿಡಿದಿಟ್ಟು ಮತ್ತೆ ಬಳಸಲು ಬರುವುದಿಲ್ಲ. ಹಿಂಬದಿಯ ಮೂರಂಕಿ ಗಾಳಿಯಲ್ಲಿ ಹೋಗುವುದೇ ಇಲ್ಲ. ನಿಜವಾದ ಅಪಾಯ ಕಾರ್ಡ್ ಕಳೆದುಹೋದಾಗ. ಸಿಕ್ಕವನು ಬ್ಲಾಕ್ ಆಗುವ ತನಕ ಒಂದಾದ ಮೇಲೊಂದು ಅಂಗಡಿಯಲ್ಲಿ ಮುಟ್ಟಿಸಬಹುದು. ಅದಕ್ಕೆ ಬ್ಯಾಂಕ್ ಆ್ಯಪ್‌ನಲ್ಲಿ ಟ್ಯಾಪ್ ಮಿತಿಯನ್ನು ₹1000ಕ್ಕೆ ಇಳಿಸಿಡಿ. ಪೇಟೆಗೆ ಹೋಗದ ದಿನಗಳಲ್ಲಿ ಪೂರ್ತಿ ಆಫ್ ಮಾಡಿದರೂ ನಷ್ಟವಿಲ್ಲ. ಕಳೆದ ಕೂಡಲೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆರ್‌ಬಿಐನ 2017ರ ನಿಯಮದಂತೆ, ತಿಳಿಸಿದ ನಂತರ ಹೋಗುವ ದುಡ್ಡಿಗೆ ಬ್ಯಾಂಕೇ ಹೊಣೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಜನ ಕ್ಯೂಆರ್ ಕಿತ್ತು ಹಾಕಿದರು. ಅದು ಪರಿಹಾರವಲ್ಲ, ನಗದು ಮಾರಾಟವೂ ವಹಿವಾಟೇ. ಬರೀ ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮಲ್ಲಿ ಚಹಾ-ತಿಂಡಿಯೂ ಇದೆ, ಅದು ಸೇವೆ. ಒಂದೇ ಪ್ಯಾನ್ ಅಡಿಯಲ್ಲಿ ಎರಡೂ ನಡೆದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹಾಲು, ತರಕಾರಿಗೆ ತೆರಿಗೆ ಇಲ್ಲದಿದ್ದರೂ ಈ ಎಣಿಕೆಯಲ್ಲಿ ಅವೂ ಬರುತ್ತವೆ. ನೆಂಟರು ಕಳಿಸುವ ಕೈಗಡ, ಅಡಿಕೆ ದುಡ್ಡು ಅಂಗಡಿಯ ಕ್ಯೂಆರ್‌ಗೆ ಬರದ ಹಾಗೆ ಖಾತೆ ಬೇರೆ ಮಾಡಿ.

ಘಟ್ಟದ ದಿನಸಿ:

ತುಂಬಾ ಉಪಕಾರ ಆಯ್ತು. ಖಾತೆ ಬೇರೆ ಮಾಡುವುದು ಈ ವಾರವೇ ಆಗಬೇಕು. ಇನ್ನೊಂದು ಇದೆ. ಗಿರಾಕಿಯ ಖಾತೆಯಿಂದ ದುಡ್ಡು ಹೋಗಿದೆ, ನಮ್ಮ ಸೌಂಡ್‌ಬಾಕ್ಸ್ ಕೂಗಿಲ್ಲ ಅಂದರೆ ಸಾಮಾನು ಕೊಡಬೇಕಾ ಬೇಡವಾ?

ಸ್ವೈಪ್ ಸರ್ವಿಸ್ ಸಾಗರ:

ಸ್ಕ್ರೀನ್‌ಶಾಟ್ ನೋಡಿ ಕೊಡಬೇಡಿ, ನಕಲಿ ಮಾಡುವ ಆ್ಯಪ್‌ಗಳಿವೆ. ನಿಮ್ಮ ವ್ಯಾಪಾರಿ ಆ್ಯಪ್ ತೆಗೆದು ವಹಿವಾಟಿನ ಪಟ್ಟಿ ನೋಡಿ. ಬಾಕ್ಸ್ ಮೌನವಾಗಿದ್ದರೂ ಅಲ್ಲಿ ಬಂದಿದ್ದರೆ ದುಡ್ಡು ಬಂದ ಹಾಗೇ. ಅಲ್ಲೂ ಇಲ್ಲದಿದ್ದರೆ ಗಿರಾಕಿಯ ಫೋನಿನಲ್ಲಿರುವ 12 ಅಂಕಿಯ ಯುಪಿಐ ಸಂಖ್ಯೆ, ಸಮಯ, ಮೊತ್ತ ಬರೆದುಕೊಳ್ಳಿ. ವ್ಯಾಪಾರಿಗೆ ತಲುಪದ ದುಡ್ಡು ವಹಿವಾಟಿನ ದಿನದ ನಂತರ 5 ದಿನದೊಳಗೆ ತಾನಾಗಿ ಗಿರಾಕಿಯ ಖಾತೆಗೆ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಅವರಿಗೆ ಸಿಗಬೇಕು. ಇದನ್ನು ಗಿರಾಕಿಗೆ ಸಮಾಧಾನವಾಗಿ ತಿಳಿಸಿ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಪರಿಚಯದವರಾದರೆ ಉದ್ರಿ ಪುಸ್ತಕದಲ್ಲಿ ಆ ಸಂಖ್ಯೆಯ ಸಮೇತ ಬರೆದು ಸಾಮಾನು ಕೊಡಿ.

ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕ್ಯೂಆರ್ ಸ್ಟಿಕ್ಕರನ್ನು ನಿಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿ ಅಂಗಡಿ ಹೆಸರು ಬರುತ್ತದಾ ನೋಡಿ. ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗುವ ಮೋಸ ಹೊರಗಡೆ ಕಂಬಕ್ಕೆ ಹಚ್ಚಿದ ಕ್ಯೂಆರ್‌ಗಳಲ್ಲೇ ಹೆಚ್ಚು. ಟ್ಯಾಪ್ ಮೆಷಿನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮಳೆ ಮುಗಿದು ಪ್ರವಾಸಿಗರು ಹೆಚ್ಚುವ ಅಕ್ಟೋಬರಿನಲ್ಲಿ ಮೂರು ತಿಂಗಳ ಮಟ್ಟಿಗೆ ತಗೊಳ್ಳಿ, ವಾಪಸ್ ಮಾಡಿದರೆ ದಂಡ ಇಲ್ಲ ಅಂತ ಬರೆದುಕೊಟ್ಟರೆ ಮಾತ್ರ.