ಮನೆಯ ಪ್ಲಾಸ್ಟಿಕ್ ಕಡಿಮೆ ಮಾಡಲು ಹೊರಟಿದ್ದೇನೆ, ನಿಮ್ಮ ಮನೆಗಳಲ್ಲಿ ನಿಜವಾಗಿ ನಡೆಯುತ್ತಿರುವುದು ಏನು ಹೇಳಿ

ಸುಮಾ_ಮೈಸೂರು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮನೆಯಲ್ಲಿ ಐದು ಜನ ಇದ್ದೇವೆ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, ಅತ್ತೆ, ಮಾವ. ಹೋದ ತಿಂಗಳು ಮಗಳಿಗೆ ಶಾಲೆಯಲ್ಲಿ ಕಸದ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಒಂದು ಅಕ್ಕಿ ಚೀಲ ನೇತುಹಾಕಿ, 15 ದಿನ ಮನೆಗೆ ಬಂದ ಪ್ಲಾಸ್ಟಿಕ್ಕನ್ನೆಲ್ಲ ಅದಕ್ಕೇ ಹಾಕಿದೆವು. ಆಮೇಲೆ ತಾರಸಿ ಮೇಲೆ ಸುರಿದು, ಇಬ್ಬರೂ ಕೂತು ಗುಡ್ಡೆ ಮಾಡಿ ಎಣಿಸಿದೆವು. ಹಾಲಿನ ಪ್ಯಾಕೆಟ್ 45. ತರಕಾರಿ, ಹಣ್ಣು, ಹೂವು ತಂದ ತೆಳು ಕವರ್ 31. ಹೋಟೆಲಿನಿಂದ ಸಾಂಬಾರ್, ಚಟ್ನಿ ಕಟ್ಟಿಸಿಕೊಂಡು ಬಂದದ್ದು 14. ಕಸದ ಬುಟ್ಟಿಗೆ ಹಾಕುವ ಕಪ್ಪು ಕವರ್ ದಿನಕ್ಕೊಂದರ ಹಾಗೆ 15. ಬಿಸ್ಕತ್ತು, ಚಿಪ್ಸ್, ಶಾಂಪೂ ಸ್ಯಾಶೆ ಎಣಿಸುವ ಹೊತ್ತಿಗೆ ಗಾಳಿ ಬಂದು ಅರ್ಧ ಹಾರಿಹೋಯಿತು, ಮಗಳು ಪಕ್ಕದ ಮನೆ ತಾರಸಿಗೆ ಹೋಗಿ ಆರಿಸಿಕೊಂಡು ಬಂದಳು. "ಅಮ್ಮ, ಇದು ಬರೀ 15 ದಿನದ್ದಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಆ ಬೇಜಾರಿನಲ್ಲಿ ಆನ್‌ಲೈನ್‌ನಲ್ಲಿ ಒಂದು ಪರಿಸರಸ್ನೇಹಿ ಕಿಟ್ ತರಿಸಿದೆ. ಬಿದಿರಿನ ಬ್ರಷ್ಷು, ಚೀಲ, ತೆಂಗಿನ ನಾರಿನ ಸ್ಕ್ರಬ್ಬರ್. ಮೂರು ವಾರಕ್ಕೆ ಬ್ರಷ್ಷಿನ ಬುಡ ಕಪ್ಪಗಾಯಿತು. ಚೀಲ ಇನ್ನೂ ಬೀರುವಿನಲ್ಲೇ ಇದೆ, ಅಂಗಡಿಗೆ ಹೋಗುವಾಗ ನೆನಪೇ ಆಗಲ್ಲ.

ನನ್ನ ಪ್ರಶ್ನೆ ಮೂರು. ಕಸದ ಬುಟ್ಟಿಗೆ ಕಪ್ಪು ಕವರ್ ಬದಲು ಏನು ಹಾಕುತ್ತೀರಿ? ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ತೆಗೆದು ಸ್ಟೀಲಿಗೆ ಬದಲಾಯಿಸಬೇಕಾ? ಮತ್ತೆ ಮುಖ್ಯವಾಗಿ, ಬರುವ ತಿಂಗಳು ಮಾವನವರ ಭೀಮರಥ ಶಾಂತಿ ಇದೆ, 150 ಜನ ಬರುತ್ತಾರೆ. ಅಡುಗೆಯವರು ಪೇಪರ್ ಲೋಟ, ಸಣ್ಣ ನೀರಿನ ಬಾಟಲಿ, ಬೆಳ್ಳಿ ಬಣ್ಣದ ಪೇಪರ್ ತಟ್ಟೆ ಅಂದಿದ್ದಾರೆ. ಅದನ್ನು ತಪ್ಪಿಸುವುದು ಹೇಗೆ?

ಶಿರಸಿ_ತೋಟದಮನೆ:

ಸುಮಾ, ಮೊದಲು ಮಗಳಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ.

ಸಮಾರಂಭದ ವಿಷಯ ಹೇಳುತ್ತೇನೆ. ಊಟಕ್ಕೆ ಬಾಳೆ ಎಲೆ ಹಾಕಿ, ಎರಡನೇ ಮಾತು ಬೇಡ. ತಿಂಡಿಗೆ ಬೇಕಾದರೆ ಮುತ್ತುಗದ ಎಲೆ. ಆದರೆ ಮುತ್ತುಗದ್ದು ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ. ಈಗ ಎಷ್ಟೋ ಕಡೆ ಮೇಲೆ ಎಲೆ ಇಟ್ಟು ಕೆಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕಡ್ಡಿ ಚುಚ್ಚಿ ಹೊಲಿದದ್ದೇ ಕೇಳಿ. ಆ ಬೆಳ್ಳಿ ಬಣ್ಣದ ತಟ್ಟೆ, ಪೇಪರ್ ಲೋಟ ಎರಡರಲ್ಲೂ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಸಾಂಬಾರು, ಕಾಫಿ ನಿಲ್ಲುವುದೇ ಇಲ್ಲವಲ್ಲ.

ಅಡಿಕೆ ಹಾಳೆ ತಟ್ಟೆಯ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ, ಅದಕ್ಕೇ ನಾನೇ ಹೇಳಿಬಿಡುತ್ತೇನೆ. ನಮ್ಮದೇ ಅಡಿಕೆ ತೋಟ. ತಾನಾಗಿ ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುವುದು ಅಷ್ಟೆ, ಅಂಟು ಗಿಂಟು ಏನೂ ಬೇಡ. ಬಿದ್ದ ಹಾಳೆಯಿಂದ ನಮ್ಮ ಕಡೆ ಎಷ್ಟೋ ಮನೆಗಳಿಗೆ ಸಂಪಾದನೆ ಆಗಿದೆ. ಆದರೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಆಮದಿಗೆ ತಡೆ ಹಾಕಿತು. ಅಡಿಕೆಯಲ್ಲಿರುವ ಅಂಶ ಹಾಳೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಕಾರಣ. ನಮ್ಮ ತೋಟದ್ದು ಅಂತ ನಾನು ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ಈಗ ಒಣ ತಿಂಡಿ, ಹಣ್ಣು, ಪ್ರಸಾದಕ್ಕೆ ಹಾಳೆ ತಟ್ಟೆ, ಬಿಸಿ ಸಾರು, ಹುಳಿಗೆ ಬಾಳೆ ಎಲೆ. ನೀವೂ ಹಾಗೇ ಮಾಡಿದರೆ ಒಳ್ಳೆಯದು.

ಪಾತ್ರೆ ತಿಕ್ಕಲು ನಾರು ದುಡ್ಡು ಕೊಟ್ಟು ತರಿಸಬೇಡಿ. ಒಂದು ಕುಂಡದಲ್ಲಿ ತುಪ್ಪದ ಹೀರೆ ಬೀಜ ಹಾಕಿ, ಬಳ್ಳಿ ತಾರಸಿಗೆ ಹಬ್ಬಿಸಿ. ಎರಡು ಮೂರು ಕಾಯಿ ಕೀಳದೆ ಬಿಡಿ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಅನ್ನಬೇಕು. ಆಗ ಕಿತ್ತು ನೀರಿನಲ್ಲಿ ನೆನೆಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಬೀಜ ಉದುರಿಸಿ, ನಾರನ್ನು ನಾಲ್ಕು ಬೆರಳಷ್ಟು ಉದ್ದಕ್ಕೆ ಕತ್ತರಿಸಿ ಬಿಸಿಲಿಗೆ ಇಡಿ. ಒಂದು ಕಾಯಿಗೆ ಮೂರು ತುಂಡು ಆಗುತ್ತದೆ. ಬಳಸಿದ ಮೇಲೆ ಹಿಂಡಿ ನೇತುಹಾಕಬೇಕು, ಸಿಂಕಿನಲ್ಲಿ ಬಿಟ್ಟರೆ ಕೊಳೆಯುತ್ತದೆ. ನಿಮ್ಮ ಬಿದಿರಿನ ಬ್ರಷ್ಷು ಕಪ್ಪಾದದ್ದೂ ಇದಕ್ಕೇ. ಒರೆಸಿ, ಗಾಳಿ ಆಡುವ ಕಡೆ ಮಲಗಿಸಿ ಇಡಿ.

ಒಣಕಸ_ಬೆಂಗಳೂರು:

ನಾನು ವಾರಕ್ಕೆ ಎರಡು ದಿನ ನಮ್ಮ ವಾರ್ಡಿನ ಒಣಕಸ ಕೇಂದ್ರದಲ್ಲಿ ವಿಂಗಡಣೆಗೆ ಕೈಜೋಡಿಸುತ್ತೇನೆ, ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಕಸದ ಬುಟ್ಟಿಗೆ ಕವರ್ ಬೇಕಾಗೇ ಇಲ್ಲ ಅಕ್ಕ. ಹಸಿ ಕಸದ ಬುಟ್ಟಿಯ ತಳಕ್ಕೆ ಹಳೆ ನ್ಯೂಸ್‌ಪೇಪರ್ ಹಾಕಿ. ಗಾಡಿ ಬಂದಾಗ ಬುಟ್ಟಿಯನ್ನೇ ಸುರಿದು, ಒಂದು ಚೊಂಬು ನೀರು ಹಾಕಿ ತೊಳೆದು ಬೋರಲು ಹಾಕಿ. ಕವರಿನಲ್ಲಿ ಗಂಟು ಕಟ್ಟಿ ಕೊಟ್ಟರೆ ಏನಾಗುತ್ತದೆ ಗೊತ್ತಾ? ಯಾರೋ ಒಬ್ಬರು, ಹೆಚ್ಚಾಗಿ ಒಬ್ಬ ಹೆಂಗಸು, ಅದನ್ನು ಕೈಯಲ್ಲಿ ಹರಿದು ಬೇರೆ ಮಾಡಬೇಕು. ಒಳಗೆ ಗಾಜಿನ ಚೂರು ಇರುತ್ತದೆ, ಡಯಾಪರ್ ಇರುತ್ತದೆ. ನಿಮ್ಮೂರಲ್ಲೇ ಕುಂಬಾರಕೊಪ್ಪಲಿನಲ್ಲಿ ಕಸ ವಿಂಗಡಿಸಿ ಗೊಬ್ಬರ ಮಾಡುವ ಘಟಕ ಇದೆ. ಮಗಳನ್ನು ಅಂಥ ಕಡೆ ಒಮ್ಮೆ ಕರೆದುಕೊಂಡು ಹೋಗಲು ಆಗುತ್ತದಾ ವಿಚಾರಿಸಿ, ಎಲ್ಲ ಅರ್ಥವಾಗುತ್ತದೆ.

"ಮಣ್ಣಲ್ಲಿ ಕರಗುತ್ತೆ" ಅಂತ ಮಾರುವ ಕವರ್‌ಗಳ ಬಗ್ಗೆ ಹುಷಾರು. ಕೆಲವು ಸುಮ್ನೆ ಚೂರು ಚೂರಾಗುತ್ತವೆ, ಪ್ಲಾಸ್ಟಿಕ್ ಎಲ್ಲೂ ಹೋಗಲ್ಲ. ನಿಜವಾಗಿ ಗೊಬ್ಬರ ಆಗುವಂಥವೂ ದೊಡ್ಡ ಘಟಕದ ಬಿಸಿಯಲ್ಲಿ ಆಗುತ್ತವೆ, ನಿಮ್ಮ ಹಿತ್ತಲಿನ ಗುಂಡಿಯಲ್ಲಿ ಹಾಗೇ ಉಳಿಯುತ್ತವೆ. ಇನ್ನು ಬಟ್ಟೆ ಅಂಗಡಿಯಲ್ಲಿ ಕೊಡುವ ಬಣ್ಣದ ಚೀಲ ಬಟ್ಟೆಯ ಹಾಗೇ ಕಾಣುತ್ತದೆ, ಆದರೆ ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಗುರುತು ಹಿಡಿಯುವುದು ಸುಲಭ. ಮೇಲೆ ಚುಕ್ಕಿ ಚುಕ್ಕಿ ಅಚ್ಚು ಇರುತ್ತದೆ. ಬಟ್ಟೆಯಾದರೆ ಅಂಚಿನಿಂದ ಉದ್ದಕ್ಕೆ ದಾರ ಎಳೆಯಬಹುದು, ಇದರಲ್ಲಿ ದಾರವೇ ಇರಲ್ಲ.

ಹಾಲಿನ ಪ್ಯಾಕೆಟ್ ಮೂಲೆ ಕತ್ತರಿಸುವಾಗ ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಆ ಉಗುರಿನಷ್ಟು ಚೂರು ಯಾರ ಕೈಗೂ ಸಿಗಲ್ಲ, ಸೀದಾ ಮೋರಿಗೆ ಹೋಗುತ್ತದೆ. ಪ್ಯಾಕೆಟ್ ತೊಳೆದು, ಒಣಗಿಸಿ ಕೂಡಿಟ್ಟರೆ ಗುಜರಿಯವರು ತೂಕಕ್ಕೆ ತಗೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ ಮಾತ್ರ ಅವರು ಮುಟ್ಟಲ್ಲ, ಅದರಲ್ಲಿ ಎರಡು ಮೂರು ಪದರ ಬೆಸೆದಿರುತ್ತಾರೆ. ಶಾಂಪೂ ದೊಡ್ಡ ಬಾಟಲಿ ತನ್ನಿ.

ಡಬ್ಬ ಎಸೆಯಬೇಡಿ, ದಯವಿಟ್ಟು! ಪರಿಸರದ ಹೆಸರಲ್ಲಿ ಗಟ್ಟಿ ಡಬ್ಬಗಳನ್ನೆಲ್ಲ ನಮ್ಮ ಕೇಂದ್ರಕ್ಕೆ ತಂದು ಸುರಿಯುವವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಬಿಸಿ ಊಟಕ್ಕೆ, ಎಣ್ಣೆಗೆ, ಉಪ್ಪಿನಕಾಯಿಗೆ ಬೇಡ ಅಷ್ಟೆ. ಬೇಳೆ, ರವೆ ಇರಲಿ, ಒಡೆಯುವ ತನಕ ಬಳಸಿ. ಚೀಲಕ್ಕೂ ಇದೇ ಮಾತು. 2011ರಲ್ಲಿ ಬ್ರಿಟನ್ನಿನ ಸರ್ಕಾರಿ ಪರಿಸರ ಸಂಸ್ಥೆ ಲೆಕ್ಕ ಹಾಕಿತ್ತು: ಹೊಸ ಹತ್ತಿ ಚೀಲವನ್ನು 131 ಸಲ ಬಳಸಿದ ಮೇಲಷ್ಟೇ, ಹವಾಮಾನದ ಲೆಕ್ಕದಲ್ಲಿ ಅದು ಒಂದು ತೆಳು ಕವರಿಗೆ ಸಮ. ಮಾವನವರ ಹಳೆ ಪಂಚೆ ಇದೆಯಲ್ಲ, ಅದರಲ್ಲಿ ಹೊಲಿಸಿ.

ಹುಬ್ಬಳ್ಳಿ_ಬಸು:

ಚೀಲ ಮರೆಯುವುದಕ್ಕೆ ನನ್ನ ಉಪಾಯ: ಗಾಡಿ ಡಿಕ್ಕಿಯಲ್ಲಿ ಎರಡು ಚೀಲ, ಒಂದು ಸ್ಟೀಲ್ ಡಬ್ಬಿ ಕಾಯಂ. ಮನೆಗೆ ಬಂದು ಸಾಮಾನು ತೆಗೆದ ಕೂಡಲೇ ಚೀಲವನ್ನು ಗಾಡಿ ಕೀಲಿಯ ಮೊಳೆಗೇ ಸಿಕ್ಕಿಸುತ್ತೇನೆ. ಮಟನ್ ಅಂಗಡಿಗೂ ಡಬ್ಬಿಯೇ. ಮೊದಲ ಸಲ ಅಂಗಡಿಯವನು ವಿಚಿತ್ರವಾಗಿ ನೋಡಿದ, ಈಗ ಅವನೇ "ಅಣ್ಣಾ, ಡಬ್ಬಿ ಕೊಡ್ರಿ" ಅಂತ ಕೈ ಚಾಚುತ್ತಾನೆ.

ನಾನು ಇದನ್ನು ಶುರು ಮಾಡಿದ್ದು ನಮ್ಮ ಹಸುವಿನಿಂದ. ಮೇವು ಬಿಟ್ಟಿತ್ತು, ಹೊಟ್ಟೆ ಉಬ್ಬಿತ್ತು. ಡಾಕ್ಟರ್ ಎಡ ಪಕ್ಕೆ ಕೊಯ್ದು ಕೈ ಹಾಕಿ ತೆಗೆದರು, ತೆಗೆದಷ್ಟೂ ಕವರ್. ಒಂದಕ್ಕೊಂದು ಹೆಣೆದುಕೊಂಡು ಕುಂಬಳಕಾಯಿ ಗಾತ್ರದ ಉಂಡೆ. ಎಷ್ಟೋ ಕವರಿಗೆ ಕಟ್ಟಿದ ಗಂಟು ಹಾಗೇ ಇತ್ತು, ಅನ್ನ ಹಾಕಿ ಗಂಟು ಕಟ್ಟಿ ರಸ್ತೆಗೆ ಎಸೆದದ್ದು. ಹಸು ಉಳಿಯಿತು. ಆದರೆ ಆ ಗಂಟುಗಳು ನನ್ನ ಕಣ್ಣಿನಿಂದ ಹೋಗಿಲ್ಲ.

ನೇರನುಡಿ_ದಾವಣಗೆರೆ:

ಯಾರಿಗೂ ಬೇಜಾರು ಬೇಡ, ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟಕ್ಕೆ ನಿಷೇಧ ಬಂದದ್ದು 2016ರ ಮಾರ್ಚಿನಲ್ಲಿ. ಕೇಂದ್ರ ಸರ್ಕಾರದವರು ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಲ್ಲಿಸಿದ್ದು 2022ರ ಜುಲೈ 1ರಿಂದ. 120 ಮೈಕ್ರಾನ್‌ಗಿಂತ ತೆಳು ಕವರ್ ದೇಶದಲ್ಲೆಲ್ಲೂ ಇರಬಾರದು ಅಂತ ಆಗಿದ್ದು 2022ರ ಡಿಸೆಂಬರ್ 31ರಿಂದ. ಇಷ್ಟಾದರೂ ಸುಮಾ ಅವರ ಮನೆಗೆ 15 ದಿನದಲ್ಲಿ 31 ತೆಳು ಕವರ್ ಬಂದಿದೆ. ಆ ಕವರ್ ಎಲ್ಲಿ ತಯಾರಾಗುತ್ತದೆ, ಯಾರು ತಂದು ಇಳಿಸುತ್ತಾರೆ? ಅದನ್ನು ಬಿಟ್ಟು, ಹೂವು ಮಾರುವ ಅಜ್ಜಿಗೆ ದಂಡ ಹಾಕುತ್ತಾರೆ. ತಯಾರು ಮಾಡುವ ಜಾಗದಲ್ಲಿ ನಿಲ್ಲಿಸದೆ ನಾವು ಹೀರೆಕಾಯಿ ನಾರು ಹಿಡಿದುಕೊಂಡು ಕೂತರೆ ಏನೂ ಆಗಲ್ಲ.

ಒಣಕಸ_ಬೆಂಗಳೂರು:

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಕಾರ್ಖಾನೆಯಲ್ಲೇ ನಿಲ್ಲಬೇಕು. ಅದಕ್ಕಾಗಿ ಅರ್ಜಿ ಕೊಡೋಣ, ವಾರ್ಡ್ ಸಭೆಯಲ್ಲಿ ಕೇಳೋಣ, ನಾನೂ ಬರುತ್ತೇನೆ. ಆದರೆ ಇವತ್ತು ಸಂಜೆ ಸುಮಾ ಅಕ್ಕನ ಮನೆಯಿಂದ ಗಂಟು ಕಟ್ಟಿದ ಕಪ್ಪು ಕವರ್ ಬರದಿದ್ದರೆ, ನಾಳೆ ಬೆಳಿಗ್ಗೆ ಅದನ್ನು ಹರಿಯುವ ಹೆಂಗಸಿಗೆ ಒಂದು ಕವರ್ ಕಡಿಮೆ.

ವನಜಾ_ಟೀಚರ್:

ನನಗೆ 66 ವರ್ಷ. ನಾವು ಚಿಕ್ಕವರಿದ್ದಾಗ ಇದೆಲ್ಲ ಇರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಆಗ ತೊಳೆಯುತ್ತಿದ್ದವರು ಯಾರು? ನಮ್ಮಮ್ಮ. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅವರ ಬೆರಳಿನ ಸಂದು ಬಿರುಕು ಬಿಟ್ಟಿರುತ್ತಿತ್ತು. ಸುಮಾ ತಾಯಿ, 150 ಸ್ಟೀಲ್ ಲೋಟ ತರಿಸುವ ಮೊದಲು ಅದನ್ನು ಯಾರು ತೊಳೆಯುತ್ತಾರೆ ಅಂತ ತೀರ್ಮಾನ ಮಾಡಿ. ಮನೆಕೆಲಸದವಳ ತಲೆ ಮೇಲೆ ಸುಮ್ಮನೆ ಹಾಕಬೇಡಿ, ಆ ದಿನಕ್ಕೆ ಬೇರೆ ಕೂಲಿ ಕೊಡಿ. ಗಂಡಸರನ್ನೂ ಕೂರಿಸಿ. ಶಾಮಿಯಾನದವರ ಹತ್ತಿರ ಲೋಟ ಬಾಡಿಗೆಗೆ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕ್ ಇದೆ, ಸಮಾರಂಭಕ್ಕೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತಾರೆ. ನೀರಿಗೆ 20 ಲೀಟರಿನ ಕ್ಯಾನ್ ಇಟ್ಟು, ಬಡಿಸುವವರು ಜಗ್ಗಿನಲ್ಲಿ ಹಾಕಿಕೊಂಡು ಹೋಗಲಿ.

ಇಲ್ಲಿ ಯಾರೂ ಎತ್ತದ ಇನ್ನೊಂದು ವಿಷಯ ಇದೆ. ಪ್ಯಾಡ್. ಅದರಲ್ಲೂ ಪ್ಲಾಸ್ಟಿಕ್ ಜಾಸ್ತಿ ಇರುತ್ತದೆ. ನನ್ನ ಮಗಳು ಐದು ವರ್ಷದಿಂದ ಒಂದೇ ಮುಟ್ಟಿನ ಕಪ್ ಬಳಸುತ್ತಿದ್ದಾಳೆ, ಪ್ರತಿ ತಿಂಗಳೂ ಕುದಿಸಿ ಇಡುತ್ತಾಳೆ. ಮೊದಲ ಎರಡು ತಿಂಗಳು ಕಷ್ಟ ಆಯಿತು ಅಂತಲೂ ಹೇಳಿದಳು. ಒಗ್ಗದಿದ್ದರೆ ಬಟ್ಟೆ ಪ್ಯಾಡ್ ಇದೆ, ಆದರೆ ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆ ಅಂತ ಕತ್ತಲೆ ಮೂಲೆಯಲ್ಲಿ ಒಣಗಿಸಬೇಡಿ.

ಸುಮಾ_ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾಂತಿ ಮುಗಿದು ಒಂದು ವಾರ ಆಯಿತು, ಹೇಗಾಯಿತು ಅಂತ ಬರೆಯುತ್ತಿದ್ದೇನೆ.

ಬಾಳೆ ಎಲೆ, ಬಾಡಿಗೆ ಸ್ಟೀಲ್ ಲೋಟ, ಕ್ಯಾನ್ ನೀರು. ಅಡುಗೆಯವರು ಮೊದಲು ಒಪ್ಪಲಿಲ್ಲ, ತೊಳೆಯುವವರು ಸಿಗಲ್ಲ ಅಂದರು. ವನಜಾ ಅಮ್ಮನ ಮಾತು ನೆನಪಿಟ್ಟುಕೊಂಡು ಇಬ್ಬರಿಗೆ ಬೇರೆ ಕೂಲಿ ಮಾತಾಡಿದೆ. ಎರಡನೇ ಪಂಕ್ತಿಗೆ ಲೋಟ ಸಾಲದೆ ಬಂದಾಗ ನಮ್ಮ ಯಜಮಾನರು, ಅವರ ತಮ್ಮ ಇಬ್ಬರೂ ಪಂಚೆ ಎತ್ತಿ ಕಟ್ಟಿ ನಲ್ಲಿ ಹತ್ತಿರ ಕೂತರು. ಅತ್ತೆಗೆ ಒಂಚೂರು ಮುಜುಗರ ಆಯಿತು, ಮಾವ ಮಾತ್ರ "ಕೂತ್ಕೊಳ್ಳಲಿ ಬಿಡೆ" ಅಂದರು.

ಕಪ್ಪು ಕವರ್ ಪೂರ್ತಿ ನಿಂತಿದೆ. ಮಾವನ ಪಂಚೆಯಲ್ಲಿ ಆರು ಚೀಲ ಆಯಿತು, ಒಂದು ಗಾಡಿಯಲ್ಲೇ ಇರುತ್ತದೆ. ದೇವರಾಜ ಮಾರ್ಕೆಟ್ಟಿನಲ್ಲಿ ನಾವು ಹೂವು ತಗೊಳ್ಳುವ ಅಮ್ಮ ಈಗ ನನ್ನನ್ನು ದೂರದಿಂದ ಕಂಡರೆ ಬಾಳೆ ಎಲೆ ತುಂಡು ಹುಡುಕುತ್ತಾರೆ. ಮೊನ್ನೆ ಮತ್ತೆ 15 ದಿನ ಚೀಲ ಕಟ್ಟಿ ಎಣಿಸಿದೆವು. ತೆಳು ಕವರ್ 31 ಇದ್ದದ್ದು 9. ಹೋಟೆಲಿನದು 14 ಇದ್ದದ್ದು 4, ಡಬ್ಬಿ ಒಯ್ಯುವುದು ಮರೆತ ದಿನಗಳದ್ದು. ಹಾಲಿನ ಪ್ಯಾಕೆಟ್ ಮಾತ್ರ ಅದೇ 45, ತೊಳೆದು ಗುಜರಿಗೆ ಕೊಡುತ್ತಿದ್ದೇವೆ. ಇದಕ್ಕೇನಾದರೂ ದಾರಿ ಇದೆಯಾ?

ಹುಬ್ಬಳ್ಳಿ_ಬಸು:

ಹತ್ತಿರದಲ್ಲಿ ಯಾರಾದರೂ ಹಸು ಸಾಕಿದ್ದಾರಾ ನೋಡಿ ಅಕ್ಕಾ. ಹಿಂಡುವ ಹೊತ್ತಿಗೆ ಕ್ಯಾನ್ ತಗೊಂಡು ಹೋದರೆ ಆಯಿತು, ಬಂದ ಕೂಡಲೇ ಚೆನ್ನಾಗಿ ಕಾಯಿಸಿ. ನಾವು ಹಾಗೆ ನಾಲ್ಕು ಮನೆಗೆ ಕೊಡುತ್ತೇವೆ.

ಸುಮಾ_ಮೈಸೂರು:

ನಮ್ಮ ಹಿಂದಿನ ಬೀದಿಯಲ್ಲೇ ಎರಡು ಹಸು ಕಟ್ಟಿರುವ ಮನೆ ಇದೆ! ಪೂರ್ತಿ ಅಲ್ಲದಿದ್ದರೂ ದಿನಕ್ಕೆ ಅರ್ಧ ಲೀಟರ್ ಆದರೂ ಸಿಗಬಹುದು. ಅಟ್ಟದಿಂದ ಅತ್ತೆಯ ಹಳೆ ಹಾಲಿನ ಕ್ಯಾನ್ ಇಳಿಸಿದ್ದೇನೆ, ಮುಚ್ಚಳ ಇನ್ನೂ ಬಿಗಿಯಾಗಿದೆ. ನಾಳೆ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಿ ಕೇಳುತ್ತೇನೆ.