ಜರ್ಮನಿಯಲ್ಲಿ ಹುಟ್ಟುವ ಮಗುವಿಗೆ ‘ಜಾಹ್ನವಿ’ ಎಂಬ ಹೆಸರು: ಉಚ್ಚಾರಣೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ: ನೆಕ್ಕರ್‌ತೀರ

ನಾವು ಶಿವಮೊಗ್ಗದ ಕಡೆಯವರು, ಕೆಲವು ವರ್ಷಗಳಿಂದ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದ್ದೇವೆ. ಮುಂದಿನ ತಿಂಗಳು ನಮಗೆ ಹೆಣ್ಣುಮಗು ಹುಟ್ಟಲಿದ್ದು, ಜಾಹ್ನವಿ ಎಂದು ಹೆಸರಿಡಬೇಕೆಂಬುದು ನಮ್ಮಿಬ್ಬರ ಹಾಗೂ ಊರಿನಲ್ಲಿರುವ ಅತ್ತೆಯವರ ಒಮ್ಮತದ ಆಸೆ. ಆದರೆ ಇಲ್ಲಿನ ಸೂಲಗಿತ್ತಿಯು ನಾವು ಇಂಗ್ಲಿಷ್ ಲಿಪಿಯಲ್ಲಿ ಬರೆದು ತೋರಿಸಿದ ಹೆಸರನ್ನು ‘ಯಾನಾಫಿ’ ಎಂದು ಓದಿದಾಗ ನಮಗಿಬ್ಬರಿಗೂ ಮನಸ್ಸು ಸ್ವಲ್ಪ ಕುಗ್ಗಿತು. ಜರ್ಮನ್ನರು ‘ಜಂಗಲ್’ ಪದವನ್ನು ಡಿ-ಎಸ್-ಸಿ-ಎಚ್ ಎಂಬ ನಾಲ್ಕು ಅಕ್ಷರಗಳಿಂದ ಆರಂಭಿಸಿ ಬರೆಯುವಂತೆ, ಮಗುವಿನ ಹೆಸರನ್ನೂ ಹಾಗೆಯೇ ಬರೆಸಿದರೆ ಉಚ್ಚಾರಣೆ ಉಳಿಯುತ್ತದೆಯೇ? ಅಥವಾ ಎರಡೂ ಕಡೆ ಒಂದೇ ರೀತಿ ಕೇಳಿಸುವ ಬೇರೆ ಹೆಸರನ್ನೇ ಹುಡುಕುವುದು ಲೇಸೇ? ಮಗಳಿಗೆ ಮನೆಯಲ್ಲಿ ಒಂದು ಹೆಸರು, ಹೊರಗೆ ಇನ್ನೊಂದು ಹೆಸರು ಎಂಬಂತೆ ಆಗಬಾರದೆಂಬುದು ನಮ್ಮ ಕಾಳಜಿ.

ಉತ್ತರ 1: ಅಕ್ಷರಾಸಕ್ತ

ಮೊದಲಿಗೆ, ‘ಯಾನಾಫಿ’ ಎಂಬ ಓದು ಹೇಗೆ ಹುಟ್ಟಿತೆಂದು ನೋಡೋಣ. ಜರ್ಮನ್ ಬರವಣಿಗೆಯಲ್ಲಿ ಜೆ ಅಕ್ಷರದ ಸಹಜ ಧ್ವನಿ ‘ಯ’. ಸ್ವರದ ನಂತರ ಬರುವ ಎಚ್ ಅಕ್ಷರಕ್ಕೆ ಸ್ವಂತ ಧ್ವನಿಯಿಲ್ಲ, ಅದು ಹಿಂದಿನ ಸ್ವರವನ್ನು ದೀರ್ಘ ಮಾಡುವ ಗುರುತು ಮಾತ್ರ. ಹೀಗಾಗಿ ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರಗಳು ಅವರ ಕಣ್ಣಿಗೆ ‘ಯಾನ್’ ಎಂಬ, ಅವರಲ್ಲೇ ಬಳಕೆಯಲ್ಲಿರುವ ಕುಲನಾಮವಾಗಿ ಕಾಣುತ್ತವೆ. ವಿ ಅಕ್ಷರವು ಅಲ್ಲಿನ ಹಳೆಯ ಪದಗಳಲ್ಲಿ ‘ಫ’, ಹೊರಗಿನಿಂದ ಬಂದ ಪದಗಳಲ್ಲಿ ಹೆಚ್ಚಾಗಿ ‘ವ’. ಬೈಬಲಿನ ಮೊದಲ ಸ್ತ್ರೀಯ ಹೆಸರನ್ನೇ ಕೆಲವು ಜರ್ಮನ್ನರು ‘ಏವಾ’ ಎಂದೂ ಇನ್ನು ಕೆಲವರು ‘ಏಫಾ’ ಎಂದೂ ಹೇಳುತ್ತಾರೆ. ಇನ್ನು ಉಪಾಂತ್ಯದ ಅಕ್ಷರಕ್ಕೆ ಒತ್ತು ಕೊಡುವ ರೂಢಿಯಿಂದ ನಮ್ಮ ಹ್ರಸ್ವ ‘ನ’ ಅವರ ಬಾಯಲ್ಲಿ ‘ನಾ’ ಆಗುತ್ತದೆ. ಸೂಲಗಿತ್ತಿಯು ತನ್ನ ಭಾಷೆಯ ನಿಯಮಕ್ಕೆ ನಿಷ್ಠೆಯಿಂದಲೇ ಓದಿದ್ದಾರೆ.

ಆದರೆ ಈ ಹೆಸರು ನಮ್ಮ ನಾಡಿನಲ್ಲಿಯೂ ಒಂದೇ ರೂಪದಲ್ಲಿ ನಿಂತಿಲ್ಲ. ಬ್ರಹ್ಮ, ಚಿಹ್ನೆ, ಮಧ್ಯಾಹ್ನ ಎಂದು ಬರೆದು ‘ಬ್ರಮ್ಹ’, ‘ಚಿನ್ಹೆ’, ‘ಮಧ್ಯಾನ್ಹ’ ಎಂದು ಓದುವ ನಾವೇ ಜಾಹ್ನವಿಯನ್ನು ‘ಜಾನ್ಹವಿ’ ಎನ್ನುತ್ತೇವೆ, ಮರಾಠಿಯವರು ಬರೆಯುವುದೇ ಹಾಗೆ, ಉತ್ತರದಲ್ಲಿ ಹಲವರು ‘ಜಾನ್ವಿ’ ಎಂದು ಮೊಟಕುಗೊಳಿಸುತ್ತಾರೆ. ಪ್ರಜ್ಞಾ ಎಂಬ ಹೆಸರಿನ ಹುಡುಗಿ ಕರ್ನಾಟಕ ದಾಟಿದರೆ ಪುಣೆಯಲ್ಲಿ ‘ಪ್ರದ್ನ್ಯಾ’, ದಿಲ್ಲಿಯಲ್ಲಿ ‘ಪ್ರಗ್ಯಾ’ ಆಗುತ್ತಾಳೆ. ಕೃತಿಕಾ ನಮ್ಮಲ್ಲಿ ‘ಕ್ರುತಿಕಾ’, ಅಲ್ಲಿ ‘ಕ್ರಿತಿಕಾ’. ಆದ್ದರಿಂದ ‘ಎಲ್ಲರ ಬಾಯಲ್ಲೂ ಒಂದೇ ಆಗಿರಬೇಕು’ ಎಂಬ ಅಳತೆಗೋಲನ್ನು ಕೈಬಿಟ್ಟು, ಬದಲಾದ ರೂಪಗಳಲ್ಲಿ ಯಾವುದನ್ನು ನೀವು ಒಪ್ಪಿಕೊಳ್ಳಬಲ್ಲಿರಿ ಎಂದು ನಿರ್ಧರಿಸುವುದು ಹೆಚ್ಚು ಉಪಯುಕ್ತ. ನನ್ನ ಮಟ್ಟಿಗೆ ‘ಜಾನಾವಿ’ ಒಪ್ಪಬಹುದಾದ ರೂಪ. ‘ಯಾನಾಫಿ’ ಅಲ್ಲ, ಏಕೆಂದರೆ ಅದರಲ್ಲಿ ಮೊದಲ ಧ್ವನಿಯೇ ಹೋಗಿಬಿಟ್ಟಿದೆ.

ಒಂದು ಪರೀಕ್ಷೆ ಮಾಡಿ ನೋಡಿ. ಹೆಸರನ್ನು ಚೀಟಿಯಲ್ಲಿ ಬರೆದು, ಏನನ್ನೂ ವಿವರಿಸದೆ, ಬೇರೆ ಬೇರೆ ವಯಸ್ಸಿನ ಕೆಲವು ಜರ್ಮನ್ನರಿಂದ ಗಟ್ಟಿಯಾಗಿ ಓದಿಸಿ. ವೈದ್ಯರ ಕೋಣೆಯ ಹೊರಗೆ ಕುಳಿತಾಗ ನಿಮ್ಮ ಮಗಳ ಕಿವಿಗೆ ಬೀಳಲಿರುವುದು ಆ ಓದೇ.

ಉತ್ತರ 2: ಮೈಸೂರಿನ ತಾಯಿ

ನನ್ನ ಇಬ್ಬರು ಮಕ್ಕಳೂ ಇಲ್ಲಿಯೇ ಹುಟ್ಟಿ ಶಾಲೆಗೆ ಹೋಗುತ್ತಿರುವುದರಿಂದ ಅನುಭವದ ಮೇಲೆ ಹೇಳುತ್ತೇನೆ. ಮೊದಲ ಸಲ ಓದುವವರು ತಪ್ಪುತ್ತಾರೆ, ಆದರೆ ದಿನವೂ ಕರೆಯುವವರು ಕಲಿತುಬಿಡುತ್ತಾರೆ. ಮೇಲಾಗಿ ಜೆನಿಫರ್, ಜೆಸಿಕಾ, ಜಸ್ಟಿನ್ ಮುಂತಾದ ಹೆಸರುಗಳು ಇಲ್ಲಿ ಬಳಕೆಯಲ್ಲಿ ಇರುವುದರಿಂದ ಜೆ ಅಕ್ಷರಕ್ಕೆ ‘ಜ’ ಎಂಬ ಧ್ವನಿಯೂ ಇರಬಹುದೆಂದು ಜರ್ಮನ್ನರಿಗೆ ಗೊತ್ತಿದೆ, ಒಮ್ಮೆ ಹೇಳಿಕೊಟ್ಟರೆ ಅದು ಅವರಿಗೆ ಹೊಸ ಧ್ವನಿಯೇನೂ ಅಲ್ಲ. ನಿಜವಾಗಿ ಕಷ್ಟವಾಗುವುದು ಅವರ ಬಾಯಿಗೆ ಅಭ್ಯಾಸವಿಲ್ಲದ ಧ್ವನಿಗಳು: ‘ಳ’, ‘ಣ’, ‘ಭ’, ‘ಧ’. ಜಾಹ್ನವಿಯಲ್ಲಿ ಇವು ಯಾವುವೂ ಇಲ್ಲ.

ಸ್ವರದ ಮುಂದೆ ಬರುವ ಎಸ್ ಅಕ್ಷರವನ್ನು ಇಲ್ಲಿ ಅನೇಕರು ‘ಝ’ದ ಹಾಗೆ ನುಡಿಯುವುದರಿಂದ ಸಹನಾ ಎಂಬ ಹೆಸರು ಬದಲಾಗುತ್ತದೆ, ಚೈತ್ರಾ ‘ಕೈತ್ರಾ’ ಆಗುವುದೂ ಉಂಟು. ಲತಾ ಎಂಬುದನ್ನು ನಾವು ದಕ್ಷಿಣದವರು ಟಿ-ಎಚ್ ಹಾಕಿ ಬರೆಯುವ ಪದ್ಧತಿಯಿಂದ ಮಾತ್ರ ಜರ್ಮನಿಯಲ್ಲಿ ತೊಂದರೆಯಿಲ್ಲ, ಇಲ್ಲಿ ಆ ಎಚ್ ಮೌನ. ಅದೇ ಹೆಸರು ಇಂಗ್ಲಿಷ್ ನಾಡುಗಳಿಗೆ ಹೋದರೆ ಬೇರೆಯೇ ಧ್ವನಿ ಬರುತ್ತದೆ. ನಿಮ್ಮ ಮಗಳು ಮುಂದೆ ಎಲ್ಲಿ ನೆಲೆಸುತ್ತಾಳೆಂದು ಯಾರೂ ಹೇಳಲಾರರಾದ್ದರಿಂದ ಒಂದೇ ದೇಶದ ಕಾಗುಣಿತಕ್ಕೆ ಹೆಸರನ್ನು ಕಟ್ಟಿಹಾಕಬೇಡಿ.

ಉತ್ತರ 3: ಕಾನೂನು ಓದಿದವನು

ಕಾಗುಣಿತದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಜನನವನ್ನು 1 ವಾರದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಹೆಸರು ಇನ್ನೂ ನಿಶ್ಚಯವಾಗಿರದಿದ್ದರೆ 1 ತಿಂಗಳೊಳಗೆ ಕೊಡಬಹುದು. ನಂತರ ಹೆಸರು ಬದಲಿಸಬೇಕೆಂದರೆ ಬಲವಾದ ಕಾರಣವನ್ನು ತೋರಿಸಬೇಕಾಗುತ್ತದೆ.

ಅಧಿಕಾರಿಗಳು ಭಾರತೀಯ ಹೆಸರನ್ನು ಒಪ್ಪುತ್ತಾರೆಯೇ ಎಂಬ ಭಯ ಬೇಡ. ಭಾರತದೊಂದಿಗೆ ನಂಟಿರುವ ಒಂದು ಕುಟುಂಬ ಮಗಳಿಗೆ ‘ಕಿರಣ್’ ಎಂದು ಹೆಸರಿಡಲು ಹೊರಟಾಗ, ಅದರಿಂದ ಮಗು ಹೆಣ್ಣೋ ಗಂಡೋ ತಿಳಿಯುವುದಿಲ್ಲವೆಂದು ನಿರಾಕರಿಸಲಾಗಿತ್ತು. ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 2008ರ ಡಿಸೆಂಬರ್ 5ರಂದು ತಂದೆತಾಯಿಯರ ಪರವಾಗಿ ತೀರ್ಪು ನೀಡಿತು. ಜಾಹ್ನವಿಗೆ ಆ ಪ್ರಶ್ನೆಯೂ ಏಳುವುದಿಲ್ಲ, ‘ಇ’ಕಾರಾಂತವಾದರೂ ಸ್ತ್ರೀನಾಮವೆಂದು ಕೇಳಿದರೆ ತೋರಿಸಲು ಆಧಾರಗಳು ಬೇಕಾದಷ್ಟಿವೆ.

ಲಿಪಿ ಬದಲಾಯಿಸಿ ಹೆಸರನ್ನು ಬರೆಯುವುದು ಎಷ್ಟು ಗಂಭೀರ ವಿಷಯವೆಂಬುದಕ್ಕೆ ಕಾನ್‌ಸ್ಟಾಂಟಿನಿಡಿಸ್ ಪ್ರಕರಣವನ್ನು ನೆನೆಯಬಹುದು. ಜರ್ಮನಿಯಲ್ಲಿ ದುಡಿಯುತ್ತಿದ್ದ ಗ್ರೀಕ್ ಪ್ರಜೆಯೊಬ್ಬರ ‘ಕ್ರಿಸ್ತೋಸ್’ ಎಂಬ ಹೆಸರನ್ನು ಲಿಪ್ಯಂತರದ ನಿಯಮ ಹಿಡಿದು ‘ಹ್ರೇಸ್ತೋಸ್’ ಎಂದು ಓದಿಸುವಂತೆ ದಾಖಲಿಸಲಾಗಿತ್ತು. ಉಚ್ಚಾರಣೆ ವಿರೂಪಗೊಂಡು, ಗ್ರಾಹಕರು ಅವರನ್ನು ಬೇರೆ ವ್ಯಕ್ತಿಯೆಂದು ತಪ್ಪು ತಿಳಿಯುವ ಅಪಾಯವಿದ್ದರೆ ಅಂಥ ಬರಹವನ್ನು ಹೇರಬಾರದೆಂದು ಯುರೋಪಿನ ನ್ಯಾಯಾಲಯ 1993ರಲ್ಲಿ ಹೇಳಿತು. ಹೆಸರಿನ ಧ್ವನಿಯೂ ವ್ಯಕ್ತಿಯ ಹಕ್ಕಿಗೆ ಸೇರಿದ್ದೆಂದು ನಾನು ದೃಢವಾಗಿ ನಂಬುತ್ತೇನೆ. ನೀವು ಸ್ವತಃ ಡಿ-ಎಸ್-ಸಿ-ಎಚ್ ಹಾಕಿ ಬರೆಸಿದರೆ ಅದು ಕಾನೂನಿಗೆ ತಪ್ಪಾಗದು, ಆದರೆ ಭಾರತದ ಪಾಸ್‌ಪೋರ್ಟಿಗೂ ಅದೇ ಕಾಗುಣಿತ ಹೋಗುತ್ತದೆ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಯಾರಿಗೂ ಅದನ್ನು ಓದಲಾಗದು.

ಉತ್ತರ 4: ಹಂಪಿನಗರ

ನನ್ನ ಅಭಿಪ್ರಾಯ ಬೇರೆ. ಮೀರಾ, ಮಾಯಾ, ತಾರಾ, ಅನಿತಾ ಎಂಬ ಹೆಸರುಗಳು ಎರಡೂ ನಾಡಿನವರಿಗೆ ಸುಲಭವಾಗಿ ದಕ್ಕುತ್ತವೆ. ಮಗು ಜೀವನಪೂರ್ತಿ ತನ್ನ ಹೆಸರನ್ನು ತಿದ್ದಿಹೇಳುವ ಕೆಲಸವನ್ನು ನಾವು ಅದರ ಹೆಗಲಿಗೆ ಏಕೆ ಹೊರಿಸಬೇಕು?

ಪ್ರಶ್ನೆ ಕೇಳಿದವರು: ನೆಕ್ಕರ್‌ತೀರ

ಎಲ್ಲರಿಗೂ ಕೃತಜ್ಞತೆಗಳು. ಮೀರಾ ಎಂಬ ಹೆಸರನ್ನೂ ನಾವು ಯೋಚಿಸಿದ್ದೆವು, ಆದರೆ ಅತ್ತೆಯವರು ಆಗಲೇ ಹೊಟ್ಟೆಯಲ್ಲಿರುವ ಮಗುವನ್ನು ಜಾಹ್ನವಿಯೆಂದೇ ಮಾತನಾಡಿಸುತ್ತಿದ್ದಾರೆ, ನಮಗೂ ಅದನ್ನು ಬಿಡಲು ಮನಸ್ಸಿಲ್ಲ. ಕಾಗುಣಿತವನ್ನು ಊರಿನ ರೂಢಿಯಂತೆಯೇ ಇಡುತ್ತೇವೆ. ಕರೆಯಲು ಸುಲಭವಾಗಲೆಂದು ಶಿಶುವಿಹಾರದಲ್ಲಿ ‘ಜಾನು’ ಎಂದು ಕೊಟ್ಟರೆ ಹೇಗೆ?

ಉತ್ತರ 5: ಮೈಸೂರಿನ ತಾಯಿ

ಜಾನು ಎಂಬುದೂ ಜೆ ಅಕ್ಷರದಿಂದಲೇ ಆರಂಭವಾಗುವುದರಿಂದ ‘ಯಾನು’ ಆಗುತ್ತದೆ, ಕಷ್ಟ ಕಡಿಮೆಯಾಗುವುದಿಲ್ಲ. ಅದನ್ನು ಮನೆಯ ಮುದ್ದಿಗೆ ಇಟ್ಟುಕೊಂಡು, ಶಿಶುವಿಹಾರಕ್ಕೆ ಪೂರ್ಣ ಹೆಸರನ್ನೇ ಕೊಡಿ. ನೀವು ಯೋಚಿಸಿದ ಜರ್ಮನ್ ಕಾಗುಣಿತಕ್ಕೆ ಸರಿಯಾದ ಸ್ಥಳ ಅಲ್ಲಿನ ಸೇರ್ಪಡೆ ಅರ್ಜಿ: ಹೆಸರಿನ ಪಕ್ಕದಲ್ಲಿ, ಆರಂಭಕ್ಕೆ ಡಿ-ಎಸ್-ಸಿ-ಎಚ್, ಕೊನೆಯ ‘ವಿ’ಗೆ ವಿ ಅಕ್ಷರದ ಬದಲು ಡಬ್ಲ್ಯೂ ಹಾಕಿ, ‘ಹೀಗೆ ಉಚ್ಚರಿಸಿ’ ಎಂದು ಬರೆದುಕೊಡಿ. ಮೊದಲ ದಿನವೇ ಶಿಕ್ಷಕಿಯ ಎದುರು ನಿಂತು ನಿಧಾನವಾಗಿ ಎರಡು ಸಲ ಹೇಳಿ, ಅವರಿಂದಲೂ ಹೇಳಿಸಿ, ಸಂಕೋಚಪಡಬೇಡಿ. ಉಳಿದ ಮಕ್ಕಳು ಶಿಕ್ಷಕಿಯ ಬಾಯಿಂದಲೇ ಕಲಿಯುತ್ತಾರೆ.