ಅಪ್‌ಡೇಟ್: ಡಿಡಿಆರ್4 ಸಿಗ್ನಲ್ ಅಳೆಯಲು ಪ್ರೋಬ್ ಎಲ್ಲಿಡಬೇಕು?

ನನ್ನ ಪ್ರಶ್ನೆ ಇಷ್ಟೇ ಇತ್ತು: ಡಿಡಿಆರ್4 ಮೆಮೊರಿಗೆ ಬರೆಯುವ (ರೈಟ್) ಡೇಟಾದ ವೇವ್‌ಫಾರ್ಮ್‌ನಲ್ಲಿ ಆಸಿಲೋಸ್ಕೋಪ್ ಒಂದು ಮೆಟ್ಟಿಲು ತೋರಿಸುತ್ತಿದೆ, ಆದರೆ ಮೆಮೊರಿ ಟೆಸ್ಟ್ ಮಾತ್ರ ಆರಾಮಾಗಿ ಪಾಸಾಗುತ್ತಿದೆ, ಯಾಕೆ? ಡಿರ್ಯಾಮ್ (ಮೆಮೊರಿ ಚಿಪ್) ಬಾಲ್‌ಗೆ, ಅಂದರೆ ಚಿಪ್ ಅಡಿಯ ಬೆಸುಗೆ ಉಂಡೆಗೆ, ಆದಷ್ಟು ಹತ್ತಿರ ಅಳೆಯಿರಿ ಅಂದವರಿಗೆ ಥ್ಯಾಂಕ್ಸ್. ಅದೇ ಉತ್ತರ.

ಆಗ ಪ್ರೋಬ್ ಇದ್ದದ್ದು ಚಿಪ್‌ನಿಂದ ಸುಮಾರು 12 ಮಿ.ಮೀ. ದೂರದ ವಯಾ (ಬೋರ್ಡಿನ ಪದರಗಳನ್ನು ಜೋಡಿಸುವ ಲೋಹದ ರಂಧ್ರ) ಮೇಲೆ. ಬೋರ್ಡಿನಲ್ಲಿ ಸಿಗ್ನಲ್ ಒಂದು ಮಿ.ಮೀ. ಸಾಗಲು 6ರಿಂದ 7 ಪಿಕೋಸೆಕೆಂಡ್ ಬೇಕು. ಚಿಪ್ ತನಕ ಹೋಗಿ, ಅಲ್ಲಿ ಬಡಿದು ವಾಪಸ್ ಬರಲು ಸುಮಾರು 160. ಡಿಡಿಆರ್4-3200ರಲ್ಲಿ ಒಂದು ಬಿಟ್‌ನ ಅವಧಿಯೇ 312.5 ಪಿಕೋಸೆಕೆಂಡ್! ಅಂದರೆ ಪ್ರತಿಫಲನ ಬಂದು ಸೇರುವಷ್ಟರಲ್ಲಿ ಅರ್ಧ ಬಿಟ್ ಮುಗಿದಿರುತ್ತದೆ. ಆ ಮೆಟ್ಟಿಲು ಪ್ರೋಬ್ ಇಟ್ಟ ಜಾಗದ ಕಥೆ, ಚಿಪ್‌ಗೆ ಅದು ಕಾಣುವುದೇ ಇಲ್ಲ.

ಡಿರ್ಯಾಮ್‌ನ ಸರಿಯಾಗಿ ಕೆಳಗೆ, ಬೋರ್ಡಿನ ಹಿಂಬದಿಯ ವಯಾಗೆ ಪ್ರೋಬ್ ಟಿಪ್ ಬೆಸುಗೆ ಹಾಕಿದ ಮೇಲೆ ಮೆಟ್ಟಿಲು ಮಾಯ. ಐ ಡಯಾಗ್ರಾಮ್ (ಬಿಟ್‌ಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ ಚಿತ್ರ, ಅದರ ‘ಕಣ್ಣು’ ತೆರೆದಷ್ಟೂ ಸಿಗ್ನಲ್ ಚೆನ್ನ) ಚೆನ್ನಾಗಿ ತೆರೆದುಕೊಂಡಿತು. ಅದೇ ಜಾಗದಲ್ಲಿ ರೀಡ್ ಡೇಟಾ ನೋಡಿದರೆ ಗಲೀಜು. ಆಗ ಡಿರ್ಯಾಮ್ ಕಳಿಸುವ ಕಡೆ, ಅಲ್ವಾ? ರೀಡ್‌ಗೆ ಡೇಟಾ ಪಡೆಯುವ ಮೆಮೊರಿ ಕಂಟ್ರೋಲರ್ ಬದಿಗೇ ಹೋಗಬೇಕು. ಅಲ್ಲಿ ವಯಾಗಳು ಇನ್ನೂ ಇಕ್ಕಟ್ಟು.

ಬಾಲ್‌ನಿಂದ ಡೈ (ಚಿಪ್ ಒಳಗಿನ ಸಿಲಿಕಾನ್ ತುಂಡು) ತನಕದ ದಾರಿಗೆ ಪ್ರೋಬ್ ಇಳಿಯುವುದಿಲ್ಲ. ಪ್ಯಾಕೇಜ್‌ನ ಎಸ್-ಪ್ಯಾರಾಮೀಟರ್ ಮಾಡೆಲ್ (ಆ ದಾರಿ ಸಿಗ್ನಲ್ ಅನ್ನು ಹೇಗೆ ಬದಲಿಸುತ್ತದೆ ಎಂಬ ವಿವರ) ಕೊಟ್ಟರೆ ಡೈನಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ಸ್ಕೋಪ್ ಲೆಕ್ಕ ಹಾಕಿ ತೋರಿಸುತ್ತದೆ. ಡಿಡಿಆರ್5ಗೆ ಹೋಗುವವರು ಒಂದು ನೆನಪಿಡಿ: ಅಲ್ಲಿ ಡಿರ್ಯಾಮ್ ಒಳಗೇ ಹಿಂದಿನ ಬಿಟ್‌ಗಳ ಪ್ರಭಾವ ಕಳೆದು ಸಿಗ್ನಲ್ ಸರಿಪಡಿಸುವ ಡಿಎಫ್‌ಇ ಈಕ್ವಲೈಸರ್ ಇದೆ. ಬಾಲ್ ಹತ್ತಿರ ಐ ಮುಚ್ಚಿದಂತೆ ಕಂಡರೆ ಸುಮ್ನೆ ಗಾಬರಿಯಾಗಬೇಡಿ.